ಫಾರ್ಮ್ಯಾಟ್ ಹೊಡೆಯುವ ಮುನ್ನ: ವೈರಸ್ ಹೊಕ್ಕ ಮನೆಯ ಕಂಪ್ಯೂಟರನ್ನು ಉಳಿಸಿಕೊಳ್ಳುವ ಕ್ರಮ

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಓಣಿಯ ಕೊನೆಯ ಮನೆ ಒಬ್ಬ ನಿವೃತ್ತ ಮಾಸ್ತರರದು. ಆಳಂದದ ಕಡೆಯ ತಮ್ಮ ಹಳ್ಳಿಯಲ್ಲಿ ಮೊಹರಂ ದಿನಗಳಲ್ಲಿ ಹಾಡುವ ರಿವಾಯತ ಪದಗಳನ್ನೂ, ತಾಯಿ ಬೀಸುವಾಗ ಹೇಳುತ್ತಿದ್ದ ಪದಗಳನ್ನೂ ಅವರು ಆರು ವರ್ಷ ಕೂತು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿದ್ದರು. ಒಂದು ಬೇಸಿಗೆಯಲ್ಲಿ ಪ್ರಿಂಟ್ ತೆಗೆಸಲೆಂದು ಝೆರಾಕ್ಸ್ ಅಂಗಡಿಗೆ ಒಯ್ದ ಪೆನ್‌ಡ್ರೈವನ್ನು ಮನೆಗೆ ತಂದು ಮತ್ತೆ ಕಂಪ್ಯೂಟರಿಗೆ ಸಿಕ್ಕಿಸಿದರು. ಮರುದಿನದಿಂದ ಡಿ ಡ್ರೈವಿನ ಪ್ರತಿಯೊಂದು ಫೋಲ್ಡರಿನ ಮೂಲೆಯಲ್ಲೂ ಚಿಕ್ಕದೊಂದು ಬಾಣದ ಗುರುತು ಕಾಣಿಸತೊಡಗಿತು. ಒತ್ತಿದರೆ ಪರದೆ ಒಮ್ಮೆ ಮಿಣುಕಿ ಸುಮ್ಮನಾಗುತ್ತಿತ್ತು. ವಾರದೊಳಗೆ ಕಂಪ್ಯೂಟರ್ ಚಾಲೂ ಆಗುವುದಕ್ಕೇ ಇಪ್ಪತ್ತು ನಿಮಿಷ ಬೇಕಾಯಿತು. ರಿಪೇರಿ ಅಂಗಡಿಯವರು ಎರಡೇ ನಿಮಿಷ ನೋಡಿ, "ಫಾರ್ಮ್ಯಾಟ್ ಹೊಡೀಬೇಕ್ರಿ, ಬ್ಯಾರೆ ದಾರಿ ಇಲ್ಲ" ಎಂದಿದ್ದರು. ಅದನ್ನು ಕೇಳಿಕೊಂಡು ಮಾಸ್ತರರು ಸಂಜೆ ನಮ್ಮ ಮನೆಗೆ ಬಂದರು. "ತಮ್ಮಾ, ಪದ ಹೇಳಿದ ಅವ್ವ ಈಗ ಇಲ್ಲ. ಹೋದ್ವು ಅಂದ್ರ ಹೋದ್ವು" ಎಂದಷ್ಟೇ ಹೇಳಿ ಕೂತುಬಿಟ್ಟರು.

ಅವರ ಪದಗಳು ಹೋಗಿರಲಿಲ್ಲ. ಅಂಗಡಿಯವರ ಮಾತಿನಂತೆ ಅಂದೇ ಫಾರ್ಮ್ಯಾಟ್ ಹೊಡೆಸಿ ಡಿಸ್ಕನ್ನೆಲ್ಲ ಅಳಿಸಿದ್ದರೆ ಹೋಗುತ್ತಿದ್ದವು. ಈ ಲೇಖನ ಬರೆಯಲು ಅದೇ ಕಾರಣ. ಹಾಳಾದ ಕಂಪ್ಯೂಟರನ್ನು ಸರಿಪಡಿಸುವ ಕೆಲಸದಲ್ಲಿ ಯಾವ ತಂತ್ರಾಂಶ ಬಳಸಬೇಕು ಎನ್ನುವುದಕ್ಕಿಂತ ಯಾವ ಕೆಲಸ ಮೊದಲು, ಯಾವುದು ನಂತರ ಎನ್ನುವುದು ಮುಖ್ಯ. ಮೊದಲು ಮನೆಯವರ ಕಡತಗಳನ್ನು ಹೊರಗೆ ತೆಗೆಯಬೇಕು, ಆಮೇಲೆ ಯಂತ್ರವನ್ನು ಶುಚಿಗೊಳಿಸಬೇಕು, ಶುಚಿಯಾಗದಿದ್ದರೆ ಕೊನೆಗೆ ವಿಂಡೋಸನ್ನು ಹೊಸದಾಗಿ ಹಾಕಬೇಕು. ಇದಿಷ್ಟನ್ನೂ ಓದು ಬರಹ ಬಲ್ಲ, ಒಂದು ರಜಾ ದಿನವನ್ನು ಇದಕ್ಕಾಗಿ ಕೊಡಬಲ್ಲ ಯಾರೇ ಆದರೂ ಮನೆಯಲ್ಲೇ ಮಾಡಬಹುದು.

ಇದು ವೈರಸ್ಸೇ ಹೌದೇ?

ಕಂಪ್ಯೂಟರ್ ನಿಧಾನವಾದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು ವೈರಸ್. ನಮ್ಮ ಭಾಗದಲ್ಲಿ ಅದಕ್ಕಿಂತ ಮೊದಲು ನೋಡಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು ಬಿಸಿಲು ಮತ್ತು ಧೂಳು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಅಂಥ ದಿನಗಳಲ್ಲಿ ಫ್ಯಾನಿಗೆ ಧೂಳು ಕಟ್ಟಿದ್ದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ, ಇನ್ನೂ ಕಾದರೆ ಕಂಪ್ಯೂಟರ್ ತಾನಾಗಿಯೇ ಬಂದ್ ಆಗುತ್ತದೆ. ಬೆಳಿಗ್ಗೆ ಚೆನ್ನಾಗಿ ನಡೆದು ಮಧ್ಯಾಹ್ನ ಮಾತ್ರ ತೊಡಕುವ ಯಂತ್ರಕ್ಕೆ ಮೊದಲು ಬೇಕಾದದ್ದು ಧೂಳು ತೆಗೆಯುವ ಬ್ರಷ್. ಎರಡನೆಯದು ಸವೆದ ಹಾರ್ಡ್ ಡಿಸ್ಕ್. ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ, ಚಿಕ್ಕ ಕಡತವನ್ನು ತೆರೆಯಲೂ ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕಿನ ಆರೋಗ್ಯ ನೋಡಿ. ಅದು 'ಗುಡ್' ಎನ್ನದೆ 'ಕಾಷನ್' ಅಥವಾ 'ಬ್ಯಾಡ್' ಎಂದರೆ ಯಾವ ಸ್ಕ್ಯಾನನ್ನೂ ಓಡಿಸಬೇಡಿ. ಸ್ಕ್ಯಾನ್ ಎಂದರೆ ಡಿಸ್ಕಿನ ಮೂಲೆ ಮೂಲೆಯನ್ನೂ ಓದಿಸುವುದು. ಸಾಯುತ್ತಿರುವ ಡಿಸ್ಕಿಗೆ ಆ ದುಡಿತವೇ ಕೊನೆಯದಾಗಬಹುದು. ಅಂಥದರಿಂದ ಕಡತಗಳನ್ನು ಮಾತ್ರ ನಕಲು ಮಾಡಿಕೊಂಡು ಡಿಸ್ಕನ್ನೇ ಬದಲಿಸಬೇಕು.

ಇನ್ನೊಂದು ಬಗೆ ಇದೆ. ಇದರಲ್ಲಿ ಕಂಪ್ಯೂಟರಿಗೆ ಏನೂ ಆಗಿರುವುದಿಲ್ಲ. ಯಾವುದೋ ಜಾಲತಾಣ ತೆರೆದಾಗ ಪರದೆ ತುಂಬ ಕೆಂಪು ಎಚ್ಚರಿಕೆ ಮೂಡಿ, ಜೋರಾದ ಸದ್ದಾಗಿ, ಕೂಡಲೇ ಈ ಸಂಖ್ಯೆಗೆ ಫೋನ್ ಮಾಡಿ ಎಂಬ ಬರಹ ಬರುತ್ತದೆ. ಅದು ಬ್ರೌಸರಿನಲ್ಲಿ ತೆರೆದ ಒಂದು ಪುಟ ಮಾತ್ರ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಎಂದೂ ಫೋನ್ ಸಂಖ್ಯೆ ಇರುವುದಿಲ್ಲ, ಇದೊಂದನ್ನು ಮನೆಯ ಹಿರಿಯರಿಗೆಲ್ಲ ಹೇಳಿಡಿ. ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಪೂರ್ಣ ಪರದೆ ಬಿಡುತ್ತದೆ. ಬಿಡದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಮುಚ್ಚಿ, ಮತ್ತೆ ತೆರೆಯುವಾಗ ಹಳೆಯ ಪುಟಗಳನ್ನು ಮರಳಿ ತರಬೇಕೇ ಎಂದು ಕೇಳಿದರೆ ಬೇಡವೆನ್ನಿ. ಪರದೆಯ ಮೂಲೆಯಲ್ಲಿ ದಿನವಿಡೀ ವೈರಸ್ ಎಚ್ಚರಿಕೆಗಳು ಏಳುತ್ತಿದ್ದರೆ, ನೀವು ಎಂದೋ 'ಅಲೋ' ಒತ್ತಿದ ತಾಣವೊಂದು ಅವುಗಳನ್ನು ಕಳಿಸುತ್ತಿರುವುದೇ ಹೆಚ್ಚು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ಸ್ ತೆರೆದು ಗೊತ್ತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿದರೆ ಸಾಕು.

ನಿಜವಾಗಿ ಮಾಲ್ವೇರ್, ಅಂದರೆ ವೈರಸ್ಸಿನಂಥ ಕೆಡುಕಿನ ತಂತ್ರಾಂಶ, ಹೊಕ್ಕ ಯಂತ್ರ ಬೇರೆ ರೀತಿ ವರ್ತಿಸುತ್ತದೆ. ವಿಂಡೋಸ್ ಸೆಕ್ಯುರಿಟಿ ಆಫ್ ಆಗಿರುತ್ತದೆ, ಆನ್ ಮಾಡಿದರೂ ನಿಲ್ಲುವುದಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದ ಕ್ಷಣದಲ್ಲೇ ಮುಚ್ಚಿಕೊಳ್ಳುತ್ತದೆ. ಉಳಿದ ತಾಣಗಳೆಲ್ಲ ತೆರೆಯುತ್ತವೆ, ಆಂಟಿವೈರಸ್ ಕಂಪನಿಗಳ ತಾಣಗಳು ಮಾತ್ರ ತೆರೆಯುವುದಿಲ್ಲ. ಏನೂ ಕೆಲಸವಿಲ್ಲದಿದ್ದರೂ ಪ್ರೊಸೆಸರ್ ಸದಾ 100 ಪ್ರತಿಶತದಲ್ಲಿ ದುಡಿಯುತ್ತಿರುತ್ತದೆ. ಫೋಲ್ಡರುಗಳು ಶಾರ್ಟ್‌ಕಟ್‌ಗಳಾಗಿರುತ್ತವೆ, ಇಲ್ಲವೇ ಕಡತಗಳ ಹೆಸರಿನ ಬಾಲದಲ್ಲಿ ಹಿಂದೆಂದೂ ಕಾಣದ ಅಕ್ಷರಗಳು ಸೇರಿರುತ್ತವೆ. ಇವುಗಳಲ್ಲಿ ಒಂದು ಕಂಡರೂ ಮುಂದಿನ ಕ್ರಮ ಹಿಡಿಯಿರಿ.

ಮೊದಲು ಇಂಟರ್ನೆಟ್ ಕಡಿಯಿರಿ

ಲ್ಯಾನ್ ತಂತಿ ಕಿತ್ತುಬಿಡಿ, ವೈಫೈ ಆಗಿದ್ದರೆ ರೂಟರನ್ನೇ ಆರಿಸಿ. ಕದ್ದ ಪಾಸ್‌ವರ್ಡ್ ಹೊರಗೆ ಹೋಗುವುದೂ, ದೂರದಲ್ಲಿ ಕೂತವನು ನಿಮ್ಮ ಯಂತ್ರವನ್ನು ನಡೆಸುವುದೂ ಅದರಿಂದ ನಿಲ್ಲುತ್ತದೆ. ಬ್ಯಾಕಪ್ ಇರುವ ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಅದನ್ನೂ ಆ ಕೂಡಲೇ ತೆಗೆಯಿರಿ. ಪರದೆಯ ಮೇಲೆ ಏನು ಬರಹವಿದೆಯೋ ಅದರ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಡಿ, ಮುಂದೆ ಹೆಸರು ಪತ್ತೆಮಾಡಲೂ ದೂರು ಕೊಡಲೂ ಅದು ಬೇಕಾಗುತ್ತದೆ. ಆ ಯಂತ್ರದಲ್ಲಿ ಬ್ಯಾಂಕಿನ ತಾಣವನ್ನಾಗಲೀ ಇಮೇಲನ್ನಾಗಲೀ ಇನ್ನು ತೆರೆಯಬೇಡಿ.

ಹಣ ಈಗಾಗಲೇ ಹೋಗಿದ್ದರೆ ಕಂಪ್ಯೂಟರನ್ನು ಅಲ್ಲೇ ಬಿಟ್ಟು ಮೊದಲು 1930ಕ್ಕೆ ಕರೆ ಮಾಡಿ. ಇದು ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆಯ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುವ ಮುನ್ನ ತಡೆಹಿಡಿಸಲು ಇಲ್ಲಿ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಬ್ಯಾಂಕಿಗೂ ತಿಳಿಸಿ. ಲಿಖಿತ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲಿನಲ್ಲಿ ಇಲ್ಲವೇ ಸೈಬರ್ ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆಯಲ್ಲಿ ಆಮೇಲೆ ಕೊಡಬಹುದು.

ಕಡತಗಳನ್ನು ಹೊರಗೆ ತೆಗೆಯುವುದು

ಇಡೀ ಕೆಲಸದಲ್ಲಿ ಇದೇ ಮುಖ್ಯವಾದದ್ದು, ಅಂಗಡಿಗಳಲ್ಲಿ ಬಹುಮಟ್ಟಿಗೆ ಬಿಟ್ಟುಹೋಗುವುದೂ ಇದೇ. ಸೋಂಕು ಇರುವ ವಿಂಡೋಸನ್ನು ಚಾಲೂ ಮಾಡಿ ಅದರೊಳಗಿಂದಲೇ ಪೆನ್‌ಡ್ರೈವಿಗೆ ನಕಲು ಮಾಡಿದರೆ ಪೆನ್‌ಡ್ರೈವಿಗೂ ಸೋಂಕು ತಗಲುತ್ತದೆ. ಆದ್ದರಿಂದ ವಿಂಡೋಸನ್ನು ಮಲಗಿಸಿಯೇ ಬಿಟ್ಟು, ಪೆನ್‌ಡ್ರೈವಿನಿಂದ ವಿಂಡೋಸಿನಂತೆಯೇ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಬೇರೊಂದು ತಂತ್ರಾಂಶವನ್ನು ಚಾಲೂ ಮಾಡಿ, ಹೊರಗಿನಿಂದ ಡಿಸ್ಕನ್ನು ಓದಬೇಕು. ವಿಂಡೋಸಿಗಾಗಿ ಬರೆದ ವೈರಸ್, ವಿಂಡೋಸ್ ನಡೆಯದಿರುವಾಗ ಜೀವವಿಲ್ಲದ ಕಡತ ಮಾತ್ರ.

ಸ್ನೇಹಿತರ ಅಥವಾ ನಂಟರ ಮನೆಯ ಒಳ್ಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು ಅದರ ಅಧಿಕೃತ ತಾಣದಿಂದ ಇಳಿಸಿಕೊಳ್ಳಿ. ಎರಡೂ ಲಿನಕ್ಸಿನ ಬಗೆಗಳು, ಎರಡೂ ಉಚಿತ. ರೂಫಸ್ ಎಂಬ ಚಿಕ್ಕ ತಂತ್ರಾಂಶದಿಂದ ಅದನ್ನು 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದ್ದನ್ನೇ ಬಳಸಿ. ಈಗ ಕೆಟ್ಟ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ ಚಾಲೂ ಮಾಡಿ, ಕಂಪನಿಯ ಗುರುತು ಕಾಣುತ್ತಿರುವಾಗಲೇ ಬೂಟ್ ಮೆನುವಿನ ಕೀಲಿಯನ್ನು ಒತ್ತುತ್ತಿರಬೇಕು. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಪಟ್ಟಿಯಲ್ಲಿ ಪೆನ್‌ಡ್ರೈವಿನ ಹೆಸರು ಆಯ್ದು, ಲಿನಕ್ಸ್ ಬಂದ ಮೇಲೆ 'ಟ್ರೈ' ಎಂದು ಕೇಳಿದರೆ ಅದನ್ನೇ ಒತ್ತಿ. 'ಇನ್‌ಸ್ಟಾಲ್' ಒತ್ತಕೂಡದು, ಅದನ್ನು ಒತ್ತಿ ಮುಂದುವರಿದರೆ ಉಳಿಸಲು ಹೋದ ಡಿಸ್ಕೇ ಅಳಿದೀತು.

ಮಾಸ್ತರರ ಮನೆಯಲ್ಲಿ ಈ ಹಂತಕ್ಕೆ ಬಂದಾಗ ರಾತ್ರಿ ಒಂಬತ್ತಾಗಿತ್ತು. ಡಿ ಡ್ರೈವನ್ನು ತೆರೆದೆ. ಬಾಣದ ಗುರುತಿನ ಶಾರ್ಟ್‌ಕಟ್‌ಗಳ ನಡುವೆ, ವಿಂಡೋಸಿನಲ್ಲಿ ಕಾಣದೇ ಇದ್ದ ಒಂದು ಫೋಲ್ಡರ್ ಇತ್ತು. ಅದಕ್ಕೆ ಹೆಸರೇ ಇರಲಿಲ್ಲ. ಹೆಸರಿನ ಜಾಗದಲ್ಲಿ ಒಂದು ಖಾಲಿ ಅಕ್ಷರ. ಈ ಜಾತಿಯ ಪೆನ್‌ಡ್ರೈವ್ ವೈರಸ್ ಮಾಡುವುದೇ ಇಷ್ಟು: ನಿಮ್ಮ ಕಡತಗಳನ್ನು ಅಳಿಸುವುದಿಲ್ಲ, ಹೆಸರಿಲ್ಲದ ಫೋಲ್ಡರಿನೊಳಗೆ ತುಂಬಿ ಅದಕ್ಕೆ 'ಮರೆ' (ಹಿಡನ್) ಎಂಬ ಗುರುತು ಹಚ್ಚುತ್ತದೆ, ಹೊರಗೆ ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟು, ನೀವು ಒತ್ತಿದಾಗಲೆಲ್ಲ ತಾನು ಓಡುವಂತೆ ಮಾಡಿಕೊಳ್ಳುತ್ತದೆ. ವಿಂಡೋಸ್ ಆ ಗುರುತನ್ನು ಪಾಲಿಸುತ್ತದೆ, ಲಿನಕ್ಸ್ ಪಾಲಿಸುವುದಿಲ್ಲ. ಆದ್ದರಿಂದಲೇ ಅಲ್ಲಿ ಮಾಯವಾದದ್ದು ಇಲ್ಲಿ ಎದುರಿಗೇ ಇರುತ್ತದೆ. ಫೋಲ್ಡರ್ ತೆರೆದಾಗ 'ರಿವಾಯತ', 'ಅವ್ವನ ಪದ' ಎಂಬ ಎರಡು ಫೋಲ್ಡರುಗಳು ಹಾಗೆಯೇ ಇದ್ದವು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡುವಾಗ ಎಲ್ಲವನ್ನೂ ಎತ್ತಿಕೊಳ್ಳಬೇಡಿ. ಫೋಟೋ, ವಿಡಿಯೋ, ವರ್ಡ್, ಎಕ್ಸೆಲ್, ಪಿಡಿಎಫ್ ಇಷ್ಟು ಸಾಕು. ಇಎಕ್ಸ್‌ಇ, ಎಸ್‌ಸಿಆರ್, ಬ್ಯಾಟ್, ವಿಬಿಎಸ್, ಜೆಎಸ್, ಎಲ್‌ಎನ್‌ಕೆ ಎಂಬ ಬಾಲವಿರುವ ಯಾವುದನ್ನೂ ತರಬೇಡಿ. ಮುಂದೆ ಜೆಪಿಜಿ ಎಂದಿದ್ದು ಕೊನೆಗೆ ಇಎಕ್ಸ್‌ಇ ಎಂದಿರುವ ಕಡತ ಫೋಟೋ ಅಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ನೋಡಿದ ಮೇಲೆ ಮನೆಯ ಎಲ್ಲರನ್ನೂ ಕೂರಿಸಿಕೊಂಡು ಕೇಳಿ. ಕಡತಗಳು ನಾವು ಊಹಿಸದ ಜಾಗದಲ್ಲಿರುತ್ತವೆ. ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವವರ ಮನೆಯಾದರೆ ಟ್ಯಾಲಿಯ ಲೆಕ್ಕ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಟ್ಯಾಲಿಯದೇ ಫೋಲ್ಡರಿನಲ್ಲಿ 'ಡೇಟಾ' ಎಂಬ ಒಳಫೋಲ್ಡರ್ ಇರುತ್ತದೆ, ಅದನ್ನು ಇಡಿಯಾಗಿ ನಕಲು ಮಾಡಬೇಕು. ಮಕ್ಕಳ ಪ್ರವೇಶಕ್ಕೆಂದು ಸ್ಕ್ಯಾನ್ ಮಾಡಿದ ಜಾತಿ, ಆದಾಯ ಪ್ರಮಾಣಪತ್ರಗಳು ಮತ್ತು ಕಲ್ಯಾಣ ಕರ್ನಾಟಕದ ಮೀಸಲಾತಿಯ 371(ಜೆ) ಅರ್ಹತಾ ಪತ್ರ ಡೌನ್‌ಲೋಡ್ಸ್‌ನಲ್ಲೇ ಉಳಿದಿರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಎರಡು ತೊಡಕುಗಳು ಬರಬಹುದು. ವಿಂಡೋಸ್ ಸರಿಯಾಗಿ ಬಂದ್ ಆಗಿರದಿದ್ದರೆ ಲಿನಕ್ಸ್ ಆ ಡ್ರೈವನ್ನು ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ನಮಗೆ ಬೇಕಾದದ್ದೂ ಓದುವುದಷ್ಟೇ, ಚಿಂತೆ ಬೇಡ. ಇನ್ನು ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ವಿಂಡೋಸಿನದೇ ಆದ ಬಿಟ್‌ಲಾಕರ್ ಎಂಬ ಬೀಗದಿಂದ ಗೂಢಲಿಪಿಯಲ್ಲಿರುವುದು ಸಾಮಾನ್ಯವಾಗಿದೆ. ಆಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಲ್ಯಾಪ್‌ಟಾಪ್ ಕೊಂಡಾಗ ಯಾವ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕಿದ್ದೀರೋ ಆ ಖಾತೆಗೆ ಮೊಬೈಲಿನಿಂದ ಹೋದರೆ ಬಹುಪಾಲು ಸಂದರ್ಭಗಳಲ್ಲಿ ಅದು ಸಿಗುತ್ತದೆ. ಈ ಲೇಖನ ಓದುತ್ತಿರುವ ನಿಮ್ಮ ಕಂಪ್ಯೂಟರ್ ಈಗ ಚೆನ್ನಾಗಿದ್ದರೆ ಆ ಸಂಖ್ಯೆಯನ್ನು ಇಂದೇ ಒಂದು ಡೈರಿಯಲ್ಲಿ ಬರೆದಿಡಿ. ಅದಿಲ್ಲದೆ ಆ ಡಿಸ್ಕನ್ನು ನಾನಷ್ಟೇ ಅಲ್ಲ, ಯಾರೂ ತೆರೆಯಲಾರರು.

ಶುಚಿಗೊಳಿಸುವುದು

ಕಡತಗಳು ಕೈಗೆ ಬಂದ ಮೇಲೆ ಧೈರ್ಯವಾಗಿ ಮುಂದುವರಿಯಬಹುದು. ವಿಂಡೋಸ್ ಇನ್ನೂ ತೆರೆಯುತ್ತಿದ್ದರೆ ವಿಂಡೋಸ್ ಸೆಕ್ಯುರಿಟಿಯೊಳಗೆ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅಲ್ಲಿ ಸ್ಕ್ಯಾನ್ ಆಪ್ಷನ್ಸ್, ಅಲ್ಲಿ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಆಯ್ದುಕೊಳ್ಳಿ. ಕಂಪ್ಯೂಟರ್ ಮರುಚಾಲೂ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಹುಡುಕುತ್ತದೆ. ಸಾಮಾನ್ಯ ಸ್ಕ್ಯಾನಿಗಿಂತ ಇದು ಮೇಲು, ಏಕೆಂದರೆ ಆ ಹೊತ್ತಿಗೆ ವೈರಸ್ ಇನ್ನೂ ಎದ್ದಿರುವುದಿಲ್ಲ, ತನ್ನನ್ನು ಬಚ್ಚಿಟ್ಟುಕೊಳ್ಳಲಾರದು.

ವಿಂಡೋಸ್ ತೆರೆದರೂ ಏನೂ ಮಾಡಗೊಡದಿದ್ದರೆ ಸೇಫ್ ಮೋಡ್ ಬೇಕು. ಶಿಫ್ಟ್ ಕೀಲಿಯನ್ನು ಹಿಡಿದುಕೊಂಡೇ ರೀಸ್ಟಾರ್ಟ್ ಒತ್ತಿದರೆ ನೀಲಿ ಪರದೆಯೊಂದು ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂದು ಹೋಗಿ, ಬರುವ ಪಟ್ಟಿಯಲ್ಲಿ 4 ಒತ್ತಬೇಕು. ಡೆಸ್ಕ್‌ಟಾಪಿನವರೆಗೂ ಹೋಗದ ಯಂತ್ರವಾದರೆ, ವಿಂಡೋಸ್ ಏಳುತ್ತಿರುವಾಗ ಪವರ್ ಬಟನ್ ಒತ್ತಿ ಹಿಡಿದು ಆರಿಸುವುದನ್ನು ಎರಡು ಮೂರು ಸಲ ಮಾಡಿದರೆ ಅದೇ ನೀಲಿ ಪರದೆ ತಾನಾಗಿ ಬರುತ್ತದೆ. ಸೇಫ್ ಮೋಡಿನಲ್ಲಿ ವಿಂಡೋಸ್ ತನಗೆ ಅತ್ಯಗತ್ಯವಾದಷ್ಟನ್ನೇ ನಡೆಸುವುದರಿಂದ ಹೆಚ್ಚಿನ ವೈರಸ್‌ಗಳು ಅಲ್ಲಿ ಏಳುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರನ್ನು ತಂದು ಇಲ್ಲಿ ಪೂರ್ಣ ಸ್ಕ್ಯಾನ್ ಮಾಡಿ. ಈ ಸ್ಕ್ಯಾನರ್ ಇಳಿಸಿಕೊಂಡ 10 ದಿನಗಳ ನಂತರ ಕೆಲಸ ಮಾಡುವುದಿಲ್ಲ, ಆದ್ದರಿಂದ ಪ್ರತಿ ಸಲವೂ ಹೊಸದನ್ನೇ ತರಬೇಕು. ಎರಡನೆಯ ಅಭಿಪ್ರಾಯಕ್ಕೆ ಮಾಲ್ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಒಳ್ಳೆಯದು. ನಮ್ಮದೇ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ ಇದೆ. ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಈ ಕೇಂದ್ರದ ತಾಣದಲ್ಲಿ ಶುಚಿಗೊಳಿಸುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಸದಾ ಕಾವಲಿರುವ ಆಂಟಿವೈರಸ್ ಮಾತ್ರ ಒಂದೇ ಇರಲಿ. ಎರಡನ್ನು ಒಟ್ಟಿಗೆ ಹಾಕಿದರೆ ಅವು ಒಂದಕ್ಕೊಂದು ಅಡ್ಡಬಂದು ಕಂಪ್ಯೂಟರ್ ಮತ್ತಷ್ಟು ಕುಸಿಯುತ್ತದೆ.

ಸ್ಕ್ಯಾನ್ ಮುಗಿದ ಮೇಲೂ ಕೈಯಿಂದ ನೋಡಬೇಕಾದ ಕೆಲವು ಜಾಗಗಳಿವೆ. ಕಂಟ್ರೋಲ್ ಪ್ಯಾನೆಲಿನ ಪ್ರೋಗ್ರಾಂ ಪಟ್ಟಿಯನ್ನು ದಿನಾಂಕದಂತೆ ಜೋಡಿಸಿ, ತೊಂದರೆ ಶುರುವಾದ ದಿನಗಳಲ್ಲಿ ಬಂದು ಕೂತವನ್ನು ತೆಗೆಯಿರಿ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯನ್ನೂ ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸಗಳ ಪಟ್ಟಿಯಾದ ಟಾಸ್ಕ್ ಶೆಡ್ಯೂಲರನ್ನೂ ನೋಡಿ. ಅಳಿಸಿದ ವೈರಸ್ ಮರುದಿನ ಮತ್ತೆ ಹುಟ್ಟುವುದು ಹೆಚ್ಚಾಗಿ ಶೆಡ್ಯೂಲರಿನಲ್ಲಿ ಉಳಿದ ಒಂದು ಸಾಲಿನಿಂದ. ಬ್ರೌಸರಿನ ಎಕ್ಸ್‌ಟೆನ್ಷನ್‌ಗಳಲ್ಲಿ ಗೊತ್ತಿಲ್ಲದವನ್ನು ಕೀಳಿ. ಶುಚಿಯಾದರೂ ಇಂಟರ್ನೆಟ್ ಬರುತ್ತಿಲ್ಲವೆಂದರೆ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಪ್ರಾಕ್ಸಿ ಆನ್ ಆಗಿ ಉಳಿದಿರಬಹುದು, ಆಫ್ ಮಾಡಿ ನೋಡಿ.

ಎಷ್ಟರವರೆಗೆ ಶುಚಿ ಮಾಡುತ್ತಾ ಕೂರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ. ಎರಡು ಬೇರೆ ಬೇರೆ ಸ್ಕ್ಯಾನರುಗಳು ಏನೂ ಇಲ್ಲವೆಂದು ಹೇಳಿ, ಮೂರು ದಿನ ಕಂಪ್ಯೂಟರ್ ಸಹಜವಾಗಿ ನಡೆದರೆ ಸಾಕು. ಅದೇ ಸೋಂಕು ಮತ್ತೆ ಬಂದರೆ, ಬೇರೆಯವರು ದೂರದಿಂದ ಯಂತ್ರ ನಡೆಸಿದ್ದು ಗೊತ್ತಾದರೆ, ಇಲ್ಲವೇ ಅದೇ ಯಂತ್ರದಲ್ಲಿ ನೀವು ಬ್ಯಾಂಕ್ ವ್ಯವಹಾರ ಮಾಡುವವರಾಗಿದ್ದರೆ, ಶುಚಿಯ ಮೇಲೆ ಭರವಸೆ ಇಡದೆ ವಿಂಡೋಸನ್ನು ಹೊಸದಾಗಿ ಹಾಕಿ.

ಕಡತಗಳಿಗೇ ಬೀಗ ಬಿದ್ದಿದ್ದರೆ

ಎಲ್ಲ ಕಡತಗಳಿಗೂ ಹೊಸ ಬಾಲ ಬಂದು, ಹಣ ಕೊಟ್ಟರೆ ತೆರೆದುಕೊಡುತ್ತೇವೆ ಎಂಬ ಚೀಟಿ ಪ್ರತಿ ಫೋಲ್ಡರಿನಲ್ಲೂ ಬಿದ್ದಿದ್ದರೆ ಅದು ರ‍್ಯಾನ್ಸಮ್‌ವೇರ್. ವೈರಸ್ ತೆಗೆದರೂ ಬೀಗ ಹೋಗುವುದಿಲ್ಲ ಎನ್ನುವುದನ್ನು ಮೊದಲೇ ತಿಳಿದಿರಬೇಕು. ಹಣ ಕೊಡಬೇಡಿ, ಕೊಟ್ಟರೂ ಕೀಲಿ ಬರುತ್ತದೆಂಬ ಖಾತರಿ ಇಲ್ಲ. ನೆದರ್ಲೆಂಡ್ಸ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ಎಂಬ ತಾಣವಿದೆ. ಬೀಗ ಬಿದ್ದ ಕಡತದ ಮಾದರಿಯನ್ನೂ ಆ ಚೀಟಿಯನ್ನೂ ಅಲ್ಲಿ ಕೊಟ್ಟರೆ ಯಾವ ಜಾತಿಯದೆಂದು ಗುರುತಿಸಿ, ಕೀಲಿ ಲಭ್ಯವಿದ್ದರೆ ಉಚಿತವಾಗಿ ಕೊಡುತ್ತಾರೆ. ಮಾದರಿಗೆ ಖಾಸಗಿ ವಿಷಯವಿಲ್ಲದ ಕಡತವನ್ನೇ ಆರಿಸಿ.

ಕೀಲಿ ಸಿಗದಿದ್ದರೆ ಬೀಗ ಬಿದ್ದ ಕಡತಗಳನ್ನು ಅಳಿಸದೆ ಬೇರೊಂದು ಡಿಸ್ಕಿನಲ್ಲಿ ಇಟ್ಟುಬಿಡಿ, ಚೀಟಿಯೂ ಜೊತೆಗಿರಲಿ. ಇದು ಹುಸಿ ಸಮಾಧಾನದ ಮಾತಲ್ಲ. ಟೆಸ್ಲಾಕ್ರಿಪ್ಟ್ ಎಂಬ ರ‍್ಯಾನ್ಸಮ್‌ವೇರಿನ ಮೂಲ ಕೀಲಿ 2016ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಶೇಡ್ ಎಂಬುದನ್ನು ನಡೆಸುತ್ತಿದ್ದವರು 2020ರಲ್ಲಿ ಏಳೂವರೆ ಲಕ್ಷ ಕೀಲಿಗಳನ್ನು ತಾವಾಗಿಯೇ ಬಿಟ್ಟರು. ಕಡತ ಇಟ್ಟುಕೊಂಡಿದ್ದವರಿಗೆ ಅವು ಉಪಯೋಗಕ್ಕೆ ಬಂದವು.

ವಿಂಡೋಸನ್ನು ಹೊಸದಾಗಿ ಹಾಕುವುದು

ಫಾರ್ಮ್ಯಾಟಿಗೆ ಸರಿಯಾದ ಸಮಯ ಇದು, ಇದಕ್ಕಿಂತ ಮೊದಲಲ್ಲ. ಇಲ್ಲೊಂದು ಸಂಗತಿಯನ್ನು ಒತ್ತಿ ಹೇಳಬೇಕು. ವಿಂಡೋಸ್ 8ರ ಕಾಲದಿಂದ ಈಚೆಗೆ, ಕಂಪನಿಯೇ ವಿಂಡೋಸ್ ಹಾಕಿ ಮಾರಿದ ಲ್ಯಾಪ್‌ಟಾಪುಗಳ ಪರವಾನಗಿಯ ಕೀ ಮದರ್‌ಬೋರ್ಡಿನಲ್ಲೇ ಬರೆದಿರುತ್ತದೆ. ಅಸಲಿ ವಿಂಡೋಸನ್ನು ಮತ್ತೆ ಹಾಕಿ ಇಂಟರ್ನೆಟ್ ಕೊಟ್ಟರೆ ಅದು ತಾನಾಗಿಯೇ ಆ್ಯಕ್ಟಿವೇಟ್ ಆಗುತ್ತದೆ, ಒಂದು ಪೈಸೆಯ ಖರ್ಚೂ ಇಲ್ಲ. ಹೀಗಿದ್ದೂ ದುಡ್ಡು ಕೊಟ್ಟು ಪಡೆದ ಅಸಲಿಯನ್ನು ಅಳಿಸಿ, ಮುನ್ನೂರು ನಾನೂರು ರೂಪಾಯಿಗೆ ಕ್ರ್ಯಾಕ್ ಮಾಡಿದ ಪ್ರತಿಯನ್ನು ಹಾಕಿಸಿಕೊಂಡು ಬರುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಕ್ರ್ಯಾಕ್ ಕೆಲಸ ಮಾಡಬೇಕಾದರೆ ಆಂಟಿವೈರಸನ್ನು ಆಫ್ ಮಾಡಬೇಕು, ಆಫ್ ಮಾಡಿದ ಬಾಗಿಲಿನಿಂದಲೇ ಮುಂದಿನ ವೈರಸ್ ಬರುತ್ತದೆ.

ಮೈಕ್ರೋಸಾಫ್ಟಿನ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲನ್ನು ಒಳ್ಳೆಯ ಕಂಪ್ಯೂಟರಿನಲ್ಲಿ ಇಳಿಸಿ, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ತಯಾರಿಸಿ. ವಿಂಡೋಸಿನೊಳಗೇ ಇರುವ 'ರೀಸೆಟ್ ದಿಸ್ ಪಿಸಿ'ಯೂ ಕೆಲಸ ಮಾಡುತ್ತದೆ, ಆದರೆ ಸೋಂಕು ಕಂಡ ಯಂತ್ರಕ್ಕೆ ನಾನು ಪೆನ್‌ಡ್ರೈವನ್ನೇ ನಂಬುತ್ತೇನೆ. ಶುರುಮಾಡುವ ಮುನ್ನ ನಿಮ್ಮ ಕಡತಗಳಿರುವ ಹೊರಗಿನ ಡಿಸ್ಕನ್ನು ಕಿತ್ತು ಬೇರೆ ಕೋಣೆಯಲ್ಲಿಡಿ, ಕೈತಪ್ಪಿ ಅದನ್ನೇ ಆಯ್ದು ಅಳಿಸಿದವರಿದ್ದಾರೆ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗದ ಹೊತ್ತು ನೋಡಿ ಕೂರಿ. ಬೇಸಿಗೆಯಲ್ಲಿ ನಾನು ಈ ಕೆಲಸಕ್ಕೆ ಬೆಳಿಗ್ಗೆ ಆರಕ್ಕೇ ಕೂರುತ್ತೇನೆ, ಕರೆಂಟೂ ಇರುತ್ತದೆ, ಯಂತ್ರವೂ ಕಾಯುವುದಿಲ್ಲ.

ಯಾವ ವಿಂಡೋಸ್ ಎನ್ನುವುದೂ ಮುಖ್ಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್ ಆದರೆ ಎಂಟನೆಯ ಪೀಳಿಗೆ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅದಿಲ್ಲದ ಹಳೆಯ ಯಂತ್ರದಲ್ಲಿ ಪತ್ರ ಟೈಪು ಮಾಡುವುದು, ಇಂಟರ್ನೆಟ್ ನೋಡುವುದು ಇಷ್ಟೇ ಕೆಲಸವಿದ್ದರೆ, ಕಡತ ತೆಗೆಯಲು ಬಳಸಿದ ಆ ಲಿನಕ್ಸ್ ಮಿಂಟನ್ನೇ ಕಾಯಂ ಆಗಿ ಹಾಕಿಬಿಡಿ ಎಂದು ಹೇಳುತ್ತೇನೆ. ಟ್ಯಾಲಿ ಬೇಕಾದವರಿಗೆ ಆ ದಾರಿ ಹೊಂದುವುದಿಲ್ಲ.

ಹೊಸ ವಿಂಡೋಸ್ ಬಂದ ಮೇಲೆ ಮೊದಲ ಕೆಲಸ ಅಪ್‌ಡೇಟ್, ಎಷ್ಟು ಹೊತ್ತಾದರೂ ಮುಗಿಯುವವರೆಗೆ ಕಾಯಿರಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಕೆಡಿಸಿದಾಗ, ಅದು ಬಳಸಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಆ ಮಾರ್ಚಿನಲ್ಲೇ ಬಂದಿತ್ತು. ಅಪ್‌ಡೇಟ್ ಮುಗಿದ ನಂತರ ಹೊರಗಿನ ಡಿಸ್ಕ್ ಸಿಕ್ಕಿಸಿ, ಯಾವ ಕಡತವನ್ನೂ ತೆರೆಯದೆ ಇಡೀ ಡಿಸ್ಕನ್ನು ಸ್ಕ್ಯಾನ್ ಮಾಡಿ, ಆಮೇಲೆ ನಕಲು ಮಾಡಿಕೊಳ್ಳಿ.

ಇಲ್ಲಿ ಕನ್ನಡಿಗರು ಎದುರಿಸುವ ಒಂದು ಗಾಬರಿ ಇದೆ. ನುಡಿಯ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತವನ್ನು ತೆರೆದರೆ ಕನ್ನಡದ ಬದಲು ತಲೆಯ ಮೇಲೆ ಗೀಟು ಚುಕ್ಕೆಗಳಿರುವ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಮಾಸ್ತರರು ಅದನ್ನು ನೋಡಿ ವೈರಸ್ ಎಲ್ಲವನ್ನೂ ತಿಂದುಹಾಕಿತೆಂದು ಕೈಚೆಲ್ಲಿದರು. ಏನೂ ಕೆಟ್ಟಿರಲಿಲ್ಲ. ಆ ಫಾಂಟುಗಳು, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಕನ್ನಡದಲ್ಲಿ ಬಳಕೆಗೆ ಬರುವ ಮುಂಚಿನವು. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಇಟ್ಟುಕೊಂಡು ಮೇಲೆ ಕನ್ನಡದ ರೂಪ ತೋರಿಸುತ್ತವೆ. ಹೊಸ ವಿಂಡೋಸಿನಲ್ಲಿ ಆ ಫಾಂಟ್ ಇರುವುದಿಲ್ಲ, ಆದ್ದರಿಂದ ರೂಪ ಕಳಚಿ ಸಂಕೇತ ಕಾಣುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯನ್ನು ಮತ್ತೆ ಹಾಕಿದ ಕೂಡಲೇ ಪುಟ ಮೊದಲಿನಂತಾಯಿತು. ಮುಂದೆ ಈ ತೊಡಕೇ ಬೇಡವೆಂದರೆ ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡಿಗೆ ತಂದುಕೊಳ್ಳಿ. ಒತ್ತಕ್ಷರಗಳು ಅಲ್ಲಲ್ಲಿ ತಪ್ಪುವುದರಿಂದ ಒಮ್ಮೆ ಓದಿ ತಿದ್ದಬೇಕಾಗುತ್ತದೆ.

ಪಾಸ್‌ವರ್ಡ್ ಮತ್ತು ಪೆನ್‌ಡ್ರೈವ್

ಯಂತ್ರ ಸರಿಯಾದರೂ ಕದ್ದ ಪಾಸ್‌ವರ್ಡ್ ಕಳ್ಳನ ಬಳಿಯೇ ಇರುತ್ತದೆ. ಬ್ರೌಸರಿನಲ್ಲಿ ಉಳಿಸಿಟ್ಟ ಎಲ್ಲ ಪಾಸ್‌ವರ್ಡುಗಳೂ ಹೋಗಿವೆಯೆಂದೇ ತಿಳಿದು, ಸೋಂಕು ತಗಲದ ಮೊಬೈಲಿನಿಂದ ಮೊದಲು ಇಮೇಲಿನದು, ಆಮೇಲೆ ಬ್ಯಾಂಕಿನದು, ಆಮೇಲೆ ಉಳಿದವನ್ನು ಬದಲಿಸಿ. ಇಮೇಲ್ ಮೊದಲು ಏಕೆಂದರೆ ಉಳಿದ ಎಲ್ಲ ಖಾತೆಗಳ ಪಾಸ್‌ವರ್ಡನ್ನು ಅದರಿಂದಲೇ ಮರಳಿ ಪಡೆಯಬಹುದು. ಬದಲಿಸಿದ ಮೇಲೆ 'ಎಲ್ಲ ಸಾಧನಗಳಿಂದ ಹೊರಬನ್ನಿ' ಎಂಬುದನ್ನೂ ಒತ್ತಿ. ಲಾಗಿನ್ ಆಗಿರುವ ಗುರುತಿನ ಕಡತಗಳನ್ನೇ ಕದಿಯುವ ಮಾಲ್ವೇರ್ ಇವೆ, ಅಂಥವುಗಳ ಎದುರು ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಎರಡು ಹಂತದ ದೃಢೀಕರಣವನ್ನೂ ಆಗಲೇ ಹಾಕಿಕೊಳ್ಳಿ.

ಕಡತಗಳ ಒಂದು ಪ್ರತಿ ಸದಾ ಕಂಪ್ಯೂಟರಿನಿಂದ ಕಿತ್ತಿಟ್ಟ ಡಿಸ್ಕಿನಲ್ಲಿರಲಿ. ಸಿಕ್ಕಿಸಿಯೇ ಇಟ್ಟ ಬ್ಯಾಕಪ್ ರ‍್ಯಾನ್ಸಮ್‌ವೇರಿಗೆ ಇನ್ನೊಂದು ಡ್ರೈವ್ ಮಾತ್ರ.

ಝೆರಾಕ್ಸ್ ಅಂಗಡಿಗೆ ಹೋಗುವುದು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ದಿನಕ್ಕೆ ನೂರಾರು ಪೆನ್‌ಡ್ರೈವ್ ಹೊಕ್ಕು ಹೊರಡುವ ಯಂತ್ರವನ್ನು ಯಾರೂ ಶುದ್ಧವಾಗಿ ಇಟ್ಟುಕೊಳ್ಳಲಾರರು. ಮಾಸ್ತರರ ಮೇಜಿನ ಮೇಲೆ ಈಗ ಎರಡು ಪೆನ್‌ಡ್ರೈವ್‌ಗಳಿವೆ. ಒಂದಕ್ಕೆ 'ಮನಿ' ಎಂದೂ ಇನ್ನೊಂದಕ್ಕೆ 'ಅಂಗಡಿ' ಎಂದೂ ಚೀಟಿ ಅಂಟಿಸಿದ್ದಾರೆ. ಅಂಗಡಿಯದರಲ್ಲಿ ಅಂದು ಪ್ರಿಂಟ್ ಆಗಬೇಕಾದ ಪಿಡಿಎಫ್ ಒಂದೇ ಇರುತ್ತದೆ. ಅದನ್ನು ಮರಳಿ ತಂದಾಗ ಯಾವುದನ್ನೂ ತೆರೆಯದೆ, ಮೇಲೆ ಬಲಗುಂಡಿ ಒತ್ತಿ, ಅವರು ಮೊದಲು ಮಾಡುವ ಕೆಲಸ ಫಾರ್ಮ್ಯಾಟ್ ಹೊಡೆಯುವುದು.